ಆಟದ ಕೋಣೆಯಲ್ಲಿ ನಾನು ಕಲಿತ ಕನ್ನಡ

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಹಳೆ ಕಾಗದ ಇದೆ. ಅದರ ತುಂಬ ಪೆನ್ಸಿಲ್ ಗೀಟುಗಳು. ನಾಲ್ಕು ಉದ್ದ ಗೀಟು, ಮೇಲೊಂದು ಅಡ್ಡ ಗೀಟು. ಹಾಗೆ ಎಂಟು ಕಟ್ಟು, ಕೊನೆಗೆ ಒಂಟಿ ಗೀಟು ಒಂದು. ಒಟ್ಟು 41. ಆಟ ಚಿಕಿತ್ಸೆಗೆಂದು, ಅಂದರೆ ಆಟದ ಮೂಲಕವೇ ಮಗುವಿನ ಮನಸ್ಸಿಗೆ ನೆರವಾಗಲೆಂದು, ನಾನು ಮೊದಲ ಸಲ ಒಂದು ಮಗುವಿನ ಜೊತೆ ಆಟದ ಕೋಣೆಯಲ್ಲಿ ಕೂತಾಗ, ಮೊದಲ ಹತ್ತು ನಿಮಿಷದಲ್ಲಿ ಕೇಳಿದ ಪ್ರಶ್ನೆಗಳ ಲೆಕ್ಕ ಅದು. ರೆಕಾರ್ಡಿಂಗ್ ಅಳಿಸಿದ್ದೇನೆ. ಮಕ್ಕಳ ವಿಷಯದಲ್ಲಿ ಅದನ್ನು ಮಾಡಲೇಬೇಕು. ಕಾಗದವನ್ನು ಮಾತ್ರ ಇಟ್ಟುಕೊಂಡಿದ್ದೇನೆ.

"ಇದೇನಿದು?" "ಯಾವ ಬಣ್ಣ ಇದು?" "ಚೆನ್ನಾಗಿದೆ ಅಲ್ವಾ?" "ಮನೇಲಿ ಯಾರ್ಯಾರಿದ್ದಾರೆ?" ಹುಡುಗಿಗೆ ಏಳು ವರ್ಷ. ಮೊದಮೊದಲು ಒಂದೊಂದೇ ಪದದಲ್ಲಿ ಉತ್ತರ ಕೊಟ್ಟಳು. ಆಮೇಲೆ ಕ್ರೆಯಾನ್ ಕೆಳಗಿಟ್ಟಳು. ಕೈ ಕಟ್ಟಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಳು, ಕ್ಲಾಸಿನಲ್ಲಿ ಕೂರುವ ಹಾಗೆ. ಸುತ್ತ ಅಷ್ಟೊಂದು ಆಟಿಕೆ ಇದ್ದರೂ ಅವಳಿಗೆ ಅಲ್ಲಿ ಕಂಡಿದ್ದು ಇನ್ನೊಬ್ಬ ಮಿಸ್.

ಆಗ ನಾನು ಡಿಗ್ರಿ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡಲು ಶುರುಮಾಡಿ ಐದು ವರ್ಷ ಆಗಿತ್ತು. ಪ್ರಶ್ನೆ ಕೇಳುವುದೇ ನನ್ನ ಕೆಲಸ. ಉತ್ತರ ಬರದಿದ್ದರೆ ಅದೇ ಪ್ರಶ್ನೆಯನ್ನು ಬೇರೆ ರೀತಿ ಕೇಳುತ್ತಿದ್ದೆ. ಅದನ್ನು ಬಿಡುವುದಕ್ಕೆ ನನಗೆ ಪಿಎಚ್.ಡಿ. ಮುಗಿಸುವುದಕ್ಕಿಂತ ಜಾಸ್ತಿ ಕಾಲ ಹಿಡಿಯಿತು.

ಈ ದಾರಿಗೆ ಬಂದದ್ದು ಒಂದು ಪ್ರಾಥಮಿಕ ಶಾಲೆಯಿಂದ. ವಿದ್ಯಾರ್ಥಿಗಳನ್ನು ಅಲ್ಲಿಗೆ ಆಪ್ತಸಮಾಲೋಚನೆಯ ಅಭ್ಯಾಸಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಮೇಜಿನ ಆ ಕಡೆ ನಮ್ಮ ಎಂ.ಎ. ಹುಡುಗಿ, ಈ ಕಡೆ ಎಂಟು ವರ್ಷದ ಹುಡುಗ. "ಏನಾಯ್ತು ಹೇಳು ಪುಟ್ಟಾ, ಯಾರಾದ್ರೂ ಏನಾದ್ರೂ ಅಂದ್ರಾ?" ಹುಡುಗ ಕಾಲರ್ ಕಚ್ಚುತ್ತಾ ಚಪ್ಪಲಿ ನೋಡುತ್ತಿದ್ದ. ಅರ್ಧ ಗಂಟೆ ಕಳೆಯಿತು. ಆಮೇಲೆ ಅವನನ್ನು ಮೂಲೆಯಲ್ಲಿ ಕೂರಲು ಬಿಟ್ಟು ನಾವು ಮುಂದಿನ ಮಗುವನ್ನು ಕರೆದೆವು. ಸ್ವಲ್ಪ ಹೊತ್ತಿಗೆ ನೋಡಿದರೆ ಅವನು ನೆಲದ ಮೇಲೆ ಸೀಮೆಸುಣ್ಣದ ಚೂರುಗಳನ್ನು ಸಾಲಾಗಿ ಇಟ್ಟಿದ್ದ. ದೊಡ್ಡದೊಂದು, ಮಧ್ಯಮ ಒಂದು, ಚಿಕ್ಕವು ಎರಡು. ದೊಡ್ಡ ಚೂರು ಬಂದು ಚಿಕ್ಕದರ ಮೇಲೆ ಬೀಳುತ್ತಿತ್ತು. ಮತ್ತೆ ಎದ್ದು ಬೀಳುತ್ತಿತ್ತು. ನಾವು ಅರ್ಧ ಗಂಟೆ ಕೇಳಿದ್ದಕ್ಕೆ ಉತ್ತರ ಅಲ್ಲಿ ನೆಲದ ಮೇಲಿತ್ತು.

ಅದೇ ವಾರ ಲೈಬ್ರರಿಯಲ್ಲಿ ಓದಲು ಶುರುಮಾಡಿದೆ. ಲಂಡನ್ನಿನ ಮಾರ್ಗರೆಟ್ ಲೋವೆನ್‌ಫೆಲ್ಡ್ ಎಂಬ ಮಕ್ಕಳ ವೈದ್ಯೆ 1920ರ ದಶಕದ ಕೊನೆಗೇ ಮರಳಿನ ತಟ್ಟೆ, ಸಣ್ಣ ಗೊಂಬೆಗಳನ್ನು ಮಕ್ಕಳ ಮುಂದಿಟ್ಟಿದ್ದರು. ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲಿ ಎಂಟು ಸೂತ್ರ ಬರೆದರು. ಮಗುವನ್ನು ಇದ್ದ ಹಾಗೇ ಒಪ್ಪಿಕೊ, ದಾರಿ ತೋರಿಸಬೇಡ, ಮಗು ಮುಂದೆ ಹೋಗಲಿ ನೀನು ಹಿಂದೆ ಹೋಗು, ಅವಸರ ಮಾಡಬೇಡ. ಟೆಕ್ಸಸ್‌ನ ಗ್ಯಾರಿ ಲ್ಯಾಂಡ್ರೆತ್ ಇದನ್ನೇ ಮುಂದುವರಿಸಿದವರು. ಮಗುವಿಗೆ ಆಟವೇ ಭಾಷೆ, ಆಟಿಕೆಗಳೇ ಪದಗಳು ಎಂಬುದು ಅವರ ಮಾತಿನ ಸಾರ. ಓದುವಾಗ ಎಲ್ಲ ಸುಲಭ ಅನ್ನಿಸಿತು.

ಪಿಎಚ್.ಡಿ.ಗೆ ಇದೇ ವಿಷಯ ಅಂದಾಗ ನಮ್ಮ ದೊಡ್ಡಮ್ಮ ಕೇಳಿದರು, "ಮಕ್ಕಳನ್ನ ಆಟ ಆಡಿಸೋಕೂ ಪಿಎಚ್.ಡಿ. ಬೇಕೇನಮ್ಮಾ?" ಅವರು ಬೇಸರಕ್ಕೆ ಕೇಳಿದ್ದಲ್ಲ, ನಿಜವಾಗಿ ತಿಳಿಯಬೇಕಿತ್ತು. ಆಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಈಗಾದರೆ ಹೇಳುತ್ತೇನೆ: ದೊಡ್ಡಮ್ಮಾ, ಆಡಿಸೋದಕ್ಕಲ್ಲ. ಅವರು ಆಡುವಾಗ ಪಕ್ಕದಲ್ಲಿ ಕೂರೋದಕ್ಕೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಈ ಕೆಲಸಕ್ಕೆ ಬರಬೇಕೆನ್ನುವ ಹುಡುಗ ಹುಡುಗಿಯರು ಮೊದಲು ಕೇಳುವುದೇ ಇದನ್ನು. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು. ನನಗೆ ಅದಿಲ್ಲ. ನಾನು ಪಾಠ ಮಾಡುವವಳು, ಸಂಶೋಧನೆ ಮಾಡುವವಳು. ಹಾಗಾಗಿ ನೋಂದಣಿ ಇರುವ ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲೇ ಕೆಲಸ ಮಾಡಿದ್ದೇನೆ, ಇವತ್ತಿಗೂ ಹಾಗೇ ಮಾಡುತ್ತೇನೆ. ಪ್ರತಿ ವಾರ ಕೂತು ನನ್ನ ಟಿಪ್ಪಣಿ ಓದಿ ಹೇಳುತ್ತೇನೆ. ರೋಗ ಯಾವುದು ಅಂತ ಹೇಳುವ ಅಧಿಕಾರ ನನ್ನದಲ್ಲ. ಮಾತು ತಡವಾಗಿದ್ದರೆ, ಫಿಟ್ಸ್ ಇದ್ದರೆ, ಆಟಿಸಂ ಇರಬಹುದು ಅನ್ನಿಸಿದರೆ ನಿಮ್ಹಾನ್ಸ್‌ನಂಥ ಕಡೆಗೆ ಕಳಿಸುತ್ತೇನೆ. ನಾಲ್ಕು ದಿನದ ತರಬೇತಿ ಮುಗಿಸಿ ಬೋರ್ಡ್ ಹಾಕಿಕೊಳ್ಳುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಮಗು ಆಟದಲ್ಲಿ ಬಾಗಿಲು ತೆಗೆದಮೇಲೆ ಒಳಗಿರುವುದನ್ನು ಹಿಡಿದುಕೊಳ್ಳುವ ಶಕ್ತಿ ಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಗುಟ್ಟು ಕಾಪಾಡುವ ಹಾಗಿಲ್ಲ. 2012ರ ಪೋಕ್ಸೋ ಕಾನೂನಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇದನ್ನೆಲ್ಲ ನಾಲ್ಕು ದಿನದಲ್ಲಿ ಕಲಿಯಲು ಆಗುವುದಿಲ್ಲ.

ಕಾಲೇಜಿನಲ್ಲಿ ಕೋಣೆ ಕೇಳಿದೆ. ಒಂದು ವರ್ಷ ಓಡಾಡಿಸಿದರು. ಕೊನೆಗೆ ಮುರಿದ ಬೆಂಚು, ಹಳೆ ಉತ್ತರ ಪತ್ರಿಕೆ ತುಂಬಿದ್ದ ಸ್ಟೋರ್ ರೂಂ ಕೊಟ್ಟರು. ಅಳೆದರೆ 11 ಅಡಿಗೆ 14 ಅಡಿ. ಲ್ಯಾಂಡ್ರೆತ್ ಹೇಳುವುದು 12ಕ್ಕೆ 15. ಸಾಕು ಅನ್ನಿಸಿತು. ತೀರಾ ದೊಡ್ಡದಾದರೆ ಮಗು ದೂರ ದೂರ ಹೋಗುತ್ತದೆ, ತೀರಾ ಚಿಕ್ಕದಾದರೆ ಉಸಿರು ಕಟ್ಟುತ್ತದೆ.

ಆಟಿಕೆಗಳಲ್ಲಿ ನಾನು ತುಂಬಾ ತಪ್ಪು ಮಾಡಿದೆ. ಪುಸ್ತಕದ ಪಟ್ಟಿ ಹಿಡಿದು ಮರದ ಗೊಂಬೆಮನೆ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಎರಡು ಮಹಡಿ, ಅಪ್ಪ ಅಮ್ಮನಿಗೆ ಒಂದು ರೂಮು, ಮಕ್ಕಳಿಗೆ ಬೇರೆ ರೂಮು, ಪುಟ್ಟ ಪುಟ್ಟ ಮಂಚ. ಮಕ್ಕಳು ಮಾಡಿದ್ದೇನು? ಮಂಚಗಳನ್ನೆಲ್ಲ ಹೊರಗೆ ತೆಗೆದಿಟ್ಟು, ಎಲ್ಲ ಗೊಂಬೆಗಳನ್ನೂ ಹಾಲ್‌ನಲ್ಲಿ ಸಾಲಾಗಿ ಮಲಗಿಸಿದರು. ಒಬ್ಬಳು ಇಡೀ ಮನೆ ಹುಡುಕಿ "ದೇವ್ರ ಮನೆ ಎಲ್ಲಿ?" ಅಂದಳು. ಇನ್ನೊಬ್ಬನಿಗೆ ನೀರಿನ ಡ್ರಮ್ ಬೇಕಿತ್ತು. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೇ ಅವನ ಮನೆಯಲ್ಲಿ ಜಗಳ ಆಗುತ್ತಿದ್ದದ್ದು. ಆಮೇಲೆ ನಮ್ಮ ಬೀದಿಯ ಬಡಗಿಯ ಹತ್ತಿರ ಬೇರೆ ಮನೆ ಮಾಡಿಸಿದೆ. ಮೇಲೆ ಸೂರಿಲ್ಲ, ಗೋಡೆಗಳನ್ನು ಸರಿಸಬಹುದು, ಮುಂದೆ ಜಗಲಿ. ಡ್ರಮ್ಮಿಗೆ ಫಿಲಂ ಡಬ್ಬಿ.

ಗೊಂಬೆಗಳಿಗೆ ಚನ್ನಪಟ್ಟಣಕ್ಕೆ ಹೋದೆ. ಹಾಲೆ ಮರ, ಅರಗಿನ ಬಣ್ಣ, ಕೈಗೆ ನುಣುಪು. ಆದರೆ ಎಲ್ಲ ಗೊಂಬೆಗಳೂ ನಗುತ್ತಿದ್ದವು. ನಗುವ ಗೊಂಬೆ ಅಳುವುದು ಕಷ್ಟ, ಬೈಯುವುದೂ ಕಷ್ಟ. ಮುಖ ಬರೆಯದೆ ಹಾಗೇ ಕೊಡಿ ಅಂದೆ. ಲೇತ್ ಮುಂದೆ ಕೂತಿದ್ದ ಹಿರಿಯರು ಕೈ ನಿಲ್ಲಿಸಿ ನನ್ನನ್ನು ನೋಡಿದರು. "ಮುಖ ಇಲ್ದಿದ್ರೆ ಗೊಂಬೆ ಹೆಂಗಾಯ್ತದೆ ಮೇಡಂ?" ಮಕ್ಕಳೇ ಮುಖ ಕೊಡುತ್ತಾರೆ ಅಂತ ವಿವರಿಸಿದೆ. ಹತ್ತು ಗೊಂಬೆ ಮಾಡಿಕೊಟ್ಟರು. ಒಂದಕ್ಕೆ ಮಾತ್ರ ಮನಸ್ಸು ತಡೆಯದೆ ಎರಡು ಕಣ್ಣು ಇಟ್ಟಿದ್ದರು. ಅದೂ ಇದೆ, ಮಕ್ಕಳು ಅದಕ್ಕೆ ಪೊಲೀಸ್ ಕೆಲಸ ಕೊಡುತ್ತಾರೆ.

ಮರಳಿನ ತಟ್ಟೆಗೆ ಮೊದಲು ಎಂ-ಸ್ಯಾಂಡ್ ಹಾಕಿದ್ದೆ. ಕೈಗೆ ಚುಚ್ಚುತ್ತದೆ, ಬೂದು ಧೂಳು ಏಳುತ್ತದೆ. ಆಮೇಲೆ ಹೊಳೆ ಮರಳನ್ನು ಒಂದು ಮೂಟೆ ಸಂಪಾದಿಸಿ, ಜರಡಿ ಹಿಡಿದು, ತೊಳೆದು ಒಣಗಿಸಿದೆವು. ತಟ್ಟೆಯ ಒಳಗೆ ನೀಲಿ ಬಣ್ಣ ಹೊಡೆಯುವುದು ವಾಡಿಕೆ. ಮರಳು ಸರಿಸಿದರೆ ನೀಲಿ ಕಾಣುತ್ತದೆ. ಯಾರೂ ಹೇಳಿಕೊಡದೆ ಮಕ್ಕಳು ಅದನ್ನು ಕೆರೆ ಅನ್ನುತ್ತಾರೆ.

ಕೋಣೆ ಸಿದ್ಧವಾಯಿತು. ನನ್ನ ಬಾಯಿ ಮಾತ್ರ ಸಿದ್ಧವಾಗಿರಲಿಲ್ಲ.

ಈ ಪದ್ಧತಿಯಲ್ಲಿ ನಾವು ಪ್ರಶ್ನೆ ಕೇಳುವುದಿಲ್ಲ, ಹೊಗಳುವುದಿಲ್ಲ, ಕಲಿಸುವುದಿಲ್ಲ. ಮಗು ಮಾಡುತ್ತಿರುವುದನ್ನು, ಅದಕ್ಕೆ ಅನ್ನಿಸುತ್ತಿರುವುದನ್ನು ಅದಕ್ಕೇ ಮೆಲ್ಲಗೆ ತಿರುಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಅದಕ್ಕೆ ಸಿದ್ಧ ವಾಕ್ಯಗಳಿವೆ. ನಾನು ಅವನ್ನು ಕನ್ನಡಕ್ಕೆ ತಿರುಗಿಸಿ ಬಾಯಿಪಾಠ ಮಾಡಿದ್ದೆ. ಕೋಣೆಯೊಳಗೆ ಹೇಳಿದರೆ ಮಗು ತಲೆಯೆತ್ತಿ ನೋಡುತ್ತಿತ್ತು, ಇವರಿಗೇನಾಯ್ತು ಅನ್ನುವ ಹಾಗೆ. ನಮ್ಮ ಮನೆಗಳಲ್ಲಿ ಯಾರೂ "ನೀನು ನಿರ್ಧರಿಸಿದೆ" ಅನ್ನುವುದಿಲ್ಲ. ಅದಕ್ಕೇ ಪುಸ್ತಕ ಪಕ್ಕಕ್ಕಿಟ್ಟು, ಮಕ್ಕಳು ತಾವೇ ಏನು ಮಾತಾಡುತ್ತಾರೆ ಅಂತ ಕೇಳಿಸಿಕೊಳ್ಳತೊಡಗಿದೆ. ನನ್ನ ನಿಜವಾದ ತರಬೇತಿ ಶುರುವಾದದ್ದು ಆಗ.

ಮೊದಲು ಬಿಡಬೇಕಾದದ್ದು "ಅಲ್ವಾ". ನಮಗೆ ಗೊತ್ತೇ ಆಗದ ಹಾಗೆ ಪ್ರತಿ ಮಾತಿನ ಬಾಲಕ್ಕೆ ಅದು ಸೇರಿಕೊಂಡಿರುತ್ತದೆ. "ಸಿಟ್ಟು ಬಂದಿದೆ ಅಲ್ವಾ?" ಅಂದರೆ ಮಗು ಹೌದು ಅನ್ನಲೇಬೇಕು. "ಸಿಟ್ಟು ಬಂದಿದೆ" ಅಂತ ನಿಲ್ಲಿಸಿದರೆ ಮಗು ಒಪ್ಪಬಹುದು, ಬಿಡಬಹುದು, "ಇಲ್ಲ, ಬೇಜಾರು" ಅಂತ ತಿದ್ದಬಹುದು. ಒಂದು ಪದ ಬಿಟ್ಟಿದ್ದಕ್ಕೆ ಎಷ್ಟು ಜಾಗ ಸಿಗುತ್ತದೆ ನೋಡಿ.

ಸಿಟ್ಟಿನ ವಿಷಯದಲ್ಲಿ ಕನ್ನಡ ನನಗೆ ತುಂಬ ಸಹಾಯ ಮಾಡಿದೆ. ನಮ್ಮಲ್ಲಿ ಸಿಟ್ಟು ಬರುತ್ತದೆ, ಭಯ ಆಗುತ್ತದೆ, ಅಳು ಬರುತ್ತದೆ. ಮನೆಗೆ ಬಂದ ನೆಂಟರ ಹಾಗೆ ಬಂದದ್ದು ಹೋಗುತ್ತದೆ. ಮಗುವೇ ಸಿಟ್ಟಲ್ಲ, ಮಗುವಿಗೆ ಸಿಟ್ಟು ಬಂದಿದೆ. ಆದರೆ "ಬೇಜಾರು" ಬಂತೆಂದರೆ ಎಚ್ಚರ. ದುಃಖಕ್ಕೂ ಬೇಜಾರು, ಆಟ ಸಾಕಾದರೂ ಬೇಜಾರು, ಅವಮಾನವಾದರೂ ಬೇಜಾರು. ಯಾವುದು ಅಂತ ಕೇಳಬಾರದು. ಕೈ ಏನು ಮಾಡುತ್ತದೆ ಅಂತ ನೋಡುತ್ತಾ ಕೂರಬೇಕು.

ಆಟಿಕೆಗೆ ನಾವಾಗಿ ಹೆಸರಿಡಬಾರದು ಅನ್ನುವುದು ಇನ್ನೊಂದು ನಿಯಮ. ನಮಗೆ ಕಾರು ಅನ್ನಿಸಿದ್ದು ಮಗುವಿಗೆ ಮೊಸಳೆ ಇರಬಹುದು. "ಅದು" ಅನ್ನುತ್ತೇವೆ. ಮಗು "ಅವ್ನು" ಅಂದ ಕ್ಷಣ ಅದು ಮನುಷ್ಯ ಆಯಿತು. "ಅವ್ರು" ಅಂದರೆ ಹಿರಿಯರು. ಅದು, ಅವನು, ಅವರು. ಮಗು ಎಲ್ಲಿಂದ ಎಲ್ಲಿಗೆ ದಾಟಿತು ಅಂತ ಈ ಮೂರು ಪದಗಳು ಹೇಳಿಬಿಡುತ್ತವೆ. ಇಂಗ್ಲಿಷ್ ಪುಸ್ತಕದಲ್ಲಿ ಇದನ್ನು ಯಾರೂ ಬರೆದಿರಲು ಸಾಧ್ಯವಿಲ್ಲ.

ಎಲ್ಲಕ್ಕಿಂತ ದೊಡ್ಡದು "ಅಂತೆ". ನಾವೆಲ್ಲ ಚಿಕ್ಕವರಿದ್ದಾಗ ಆಡಿದ್ದೇವೆ. "ನಾನು ಅಮ್ಮ ಅಂತೆ, ನೀನು ಪಾಪು ಅಂತೆ, ಇದು ಆಸ್ಪತ್ರೆ ಅಂತೆ." ದೊಡ್ಡವರು ಇದೇ "ಅಂತೆ"ಯನ್ನು ಬೇರೆಯವರು ಹೇಳಿದ್ದಕ್ಕೆ ಹಚ್ಚುತ್ತಾರೆ: ನಾಳೆ ಮಳೆಯಂತೆ, ಅವರ ಮಗನಿಗೆ ಮದುವೆಯಂತೆ. ಹೇಳಿದವರ ಮೇಲೆ ಹೊಣೆ ಇಲ್ಲ. ಮಗುವಿಗೂ ಬೇಕಾಗಿರುವುದು ಅದೇ. "ಅಣ್ಣನ್ನ ಹೊಡೆದು ಹೊರಗೆ ಹಾಕಿದ್ರು ಅಂತೆ" ಅಂತ ಅದು ಧೈರ್ಯವಾಗಿ ಹೇಳಬಹುದು. ಆಗ ದೊಡ್ಡವರು "ನಿಜವಾಗ್ಲೂ ಹೊಡೆದ್ರಾ? ಯಾವಾಗ?" ಅಂದರೆ ಮುಗಿಯಿತು. ನಮ್ಮ ಕೆಲಸ ಆ "ಅಂತೆ"ಯ ಒಳಗೇ ಇರುವುದು. ಮಗು ನಮಗೊಂದು ಪಾತ್ರ ಕೊಟ್ಟರೆ ನಾವೇ ಮಾತು ಕಟ್ಟುವುದೂ ಇಲ್ಲ. ಪಿಸುದನಿಯಲ್ಲಿ "ನಾನೀಗ ಏನು ಹೇಳ್ಬೇಕು?" ಅಂತ ಕೇಳುತ್ತೇವೆ. ಪ್ರಶ್ನೆಗಳಲ್ಲಿ ಇದೊಂದನ್ನು ಮಾತ್ರ ಕೇಳಬಹುದು. ಮಗು ಪಿಸುದನಿಯಲ್ಲೇ ಹೇಳಿಕೊಡುತ್ತದೆ, ನಾವು ಅದನ್ನೇ ಜೋರಾಗಿ ಹೇಳುತ್ತೇವೆ.

ನನ್ನ ಪ್ರಬಂಧ 2018ರಲ್ಲಿ ಮುಗಿಯಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೈತಿಕ ಸಮಿತಿಯ ಅನುಮತಿ, ಅಪ್ಪ ಅಮ್ಮನ ಸಹಿ, ಮಗುವಿನ ಒಪ್ಪಿಗೆ, ಎಸ್‌ಡಿಕ್ಯೂ ಎಂಬ ಮಕ್ಕಳ ಭಾವನೆ, ನಡವಳಿಕೆಯ ತೊಂದರೆ ಅಳೆಯುವ 25 ಪ್ರಶ್ನೆಗಳ ಪಟ್ಟಿ, ಅಂಕಿಗಳ ಕೋಷ್ಟಕ. ವೈವಾದಲ್ಲಿ ಪರೀಕ್ಷಕರು "ಇಷ್ಟೇ ಮಕ್ಕಳಾ?" ಅಂದರು. ಅದು ನ್ಯಾಯವಾದ ಪ್ರಶ್ನೆಯೇ. ಒಂದೊಂದು ಮಗುವಿಗೂ ವಾರಕ್ಕೆ 45 ನಿಮಿಷದಂತೆ ತಿಂಗಳುಗಟ್ಟಲೆ ಕೂತರೆ ಸಂಖ್ಯೆ ದೊಡ್ಡದಾಗುವುದಿಲ್ಲ. ಅಮೆರಿಕದ ಸ್ಯೂ ಬ್ರಾಟನ್ ಮತ್ತು ಜೊತೆಗಾರರು 2005ರಲ್ಲಿ 93 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಆಟ ಚಿಕಿತ್ಸೆಯಿಂದ ಮಕ್ಕಳಿಗೆ ಒಳ್ಳೆಯ ಪ್ರಯೋಜನ ಇದೆ ಅಂತ ಕಂಡಿತ್ತು. ಅದರಲ್ಲಿ ಇನ್ನೊಂದು ವಿಷಯವೂ ಇತ್ತು. ತರಬೇತಿ ಪಡೆದ ಅಪ್ಪ ಅಮ್ಮಂದಿರೇ ಆಟಕ್ಕೆ ಕೂತಾಗ ಫಲಿತಾಂಶ ಚಿಕಿತ್ಸಕರಿಗಿಂತ ಚೆನ್ನಾಗಿತ್ತು. ಅದನ್ನು ಪ್ರಬಂಧದಲ್ಲಿ ಒಂದು ಸಾಲು ಬರೆದು ಬಿಟ್ಟಿದ್ದೆ. ಅದರ ಅರ್ಥ ಆದದ್ದು ನಾಲ್ಕು ವರ್ಷದ ಮೇಲೆ.

ಮುಂದೆ ಹೇಳುವುದರಲ್ಲಿ ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.

ಕೊರೊನಾ ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, ಒಬ್ಬ ಹುಡುಗನ ಅಪ್ಪ ತೀರಿಕೊಂಡರು. ರಾತ್ರಿ ಆಂಬುಲೆನ್ಸ್ ಬಂದು ಕರೆದುಕೊಂಡು ಹೋಯಿತು. ಮತ್ತೆ ಯಾರೂ ಅವರನ್ನು ನೋಡಲಿಲ್ಲ. ಮಗುವಿಗೆ "ಅಪ್ಪ ದೊಡ್ಡಾಸ್ಪತ್ರೇಲಿದ್ದಾರೆ" ಅಂತ ಹೇಳಿದ್ದರು. ಹೇಳಿದವರನ್ನು ನಾನು ದೂರುವುದಿಲ್ಲ. ಆ ದಿನಗಳಲ್ಲಿ ಯಾರಿಗೆ ಏನು ಹೇಳಲು ಬಾಯಿ ಬರುತ್ತಿತ್ತು? ಶಾಲೆ ಮತ್ತೆ ತೆರೆದಮೇಲೆ ಹುಡುಗ ಕ್ಲಾಸಿನಲ್ಲಿ ಒಂದು ಮಾತೂ ಆಡಲಿಲ್ಲ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. ಪ್ರತಿ ಗುರುವಾರ ಅಜ್ಜಿ ಕೈ ಹಿಡಿದು ಕರೆತರುತ್ತಿದ್ದರು. ಅವನಿಗಾಗ ಆರು ವರ್ಷ.

ಮೂರು ವಾರ ಅವನು ಬಾಗಿಲ ಹತ್ತಿರವೇ ನಿಂತಿದ್ದ. ನಾನು ನೆಲದ ಮೇಲೆ ಕೂತಿದ್ದೆ. "ಅಲ್ಲೇ ನಿಂತು ನೋಡ್ತಾ ಇದ್ದೀಯ" ಅನ್ನುವುದು ಬಿಟ್ಟರೆ ಹೆಚ್ಚೇನೂ ಹೇಳಲಿಲ್ಲ. ನಾಲ್ಕನೇ ವಾರ ಬಂದವನೇ ಬಿಳಿ ವ್ಯಾನ್ ತೆಗೆದುಕೊಂಡ. ಮರಳಿನ ತಟ್ಟೆಯ ಈ ಕೊನೆಯಲ್ಲಿ ಮುಖವಿಲ್ಲದ ಗೊಂಬೆಯೊಂದನ್ನು ಮಲಗಿಸಿದ. ಬಾಯಲ್ಲಿ ಸೈರನ್, ಕೇಳಿಯೂ ಕೇಳದಷ್ಟು ಸಣ್ಣಗೆ. ವ್ಯಾನ್ ಬಂತು. ಗೊಂಬೆಯನ್ನು ಹೊತ್ತು ಆ ಕೊನೆಗೆ ಹೋಯಿತು. ಅಲ್ಲಿ ಮರಳಿನಲ್ಲಿ ಹೂತ. ವ್ಯಾನ್ ಖಾಲಿ ವಾಪಸ್ ಬಂತು. ಮತ್ತೆ ಗೊಂಬೆ ತೆಗೆದು ಈ ಕೊನೆಗೆ ತಂದ, ಮತ್ತೆ ಸೈರನ್. ಅವತ್ತಿನ ಟಿಪ್ಪಣಿಯಲ್ಲಿ 11 ಸಲ ಅಂತ ಬರೆದಿದ್ದೇನೆ.

ಏಳನೆಯದೋ ಎಂಟನೆಯದೋ ಸಲಕ್ಕೆ ನಾನಂದೆ, "ಕರ್ಕೊಂಡು ಹೋಗುತ್ತೆ. ವಾಪಸ್ ಕರ್ಕೊಂಡು ಬರಲ್ಲ." ಅವನು ಮೊದಲ ಸಲ ನನ್ನ ಮುಖ ನೋಡಿದ.

ಮೇಲ್ವಿಚಾರಕರ ಜೊತೆ ಮಾತಾಡಿ ಅಮ್ಮನನ್ನೂ ಅಜ್ಜಿಯನ್ನೂ ಕೂರಿಸಿಕೊಂಡೆ. ಮಗುವಿಗೆ ಅರ್ಧ ಗೊತ್ತಿದೆ, ಉಳಿದರ್ಧವನ್ನು ಅವನು ಒಬ್ಬನೇ ಹೊರುತ್ತಿದ್ದಾನೆ ಅಂದೆ. "ದೇವರ ಹತ್ರ ಹೋದ್ರು", "ಮಲಗಿದ್ದಾರೆ" ಅನ್ನಬಾರದು. ಹಾಗಂದರೆ ಮಗು ದೇವರಿಗೆ ಹೆದರುತ್ತದೆ, ಮಲಗಲು ಹೆದರುತ್ತದೆ. ಅಪ್ಪ ತೀರಿಹೋದ್ರು, ಅವರ ಮೈ ಕೆಲಸ ಮಾಡೋದು ನಿಂತುಹೋಯ್ತು, ಇನ್ನು ಬರಲ್ಲ, ನಿನ್ನಿಂದ ಆಗಿದ್ದಲ್ಲ ಇದು. ಇಷ್ಟನ್ನು ಹೇಳಲು ಆ ತಾಯಿಗೆ ಎರಡು ವಾರ ಬೇಕಾಯಿತು. ಕೊನೆಗೆ ಹೇಳಿದ್ದು ಅಜ್ಜಿ. ಅಮ್ಮ ಪಕ್ಕದಲ್ಲಿ ಕೂತು ಅತ್ತರಂತೆ, ಹುಡುಗ ಅಮ್ಮನ ಬೆನ್ನು ಸವರಿದನಂತೆ.

ಮುಂದಿನ ಗುರುವಾರ ಅವನು ಸಿಟ್ಟು ಹೊತ್ತುಕೊಂಡೇ ಬಂದ. ಹಿಡಿ ಮರಳು ತೆಗೆದು ನನ್ನ ಕಡೆ ಕೈ ಎತ್ತಿದ. "ತುಂಬಾ ಸಿಟ್ಟು ಬಂದಿದೆ. ಎರಚಬೇಕು ಅನ್ನಿಸ್ತಿದೆ. ಮರಳು ಇರೋದು ಜನರ ಮೇಲೆ ಹಾಕೋಕಲ್ಲ. ಆ ಮೂಟೆ ಮೇಲೆ ಎರಚಬಹುದು." ಮೂಟೆ ಅಂದರೆ ಹಳೆ ಸೀರೆ ತುಂಬಿದ ಗೋಣಿಚೀಲ. ಅವನು ಎರಚಿದ, ಗುದ್ದಿದ, ಮೇಲೆ ಬಿದ್ದು ಕಚ್ಚಿದ. ನಾನು ಪಕ್ಕದಲ್ಲೇ ಇದ್ದೆ.

ಎಷ್ಟೋ ವಾರದ ಮೇಲೆ ಒಂದು ದಿನ ಮತ್ತೆ ಆ ಗೊಂಬೆಯನ್ನು ಹೂತ. ಅಲ್ಲಿಯವರೆಗೂ ಅದು "ಅದು"ವೇ. ಅವತ್ತು ಬಟ್ಟೆ ಚೂರುಗಳ ಡಬ್ಬಿಯಿಂದ ಒಂದು ಹಳದಿ ತುಂಡು ಆರಿಸಿ ಮರಳಿನ ಮೇಲೆ ಹೊದಿಸಿದ. ನಾಲ್ಕು ಮೂಲೆ ಸರಿಮಾಡಿದ. "ಅವ್ರಿಗೆ ಚಳಿ ಆಗುತ್ತೆ ಅಂತೆ" ಅಂದ.

"ಬೆಚ್ಚಗೆ ಹೊದಿಸಿದ್ದೀಯ" ಅಂದೆ. ಅದಕ್ಕಿಂತ ಜಾಸ್ತಿ ನನಗೂ ಹೇಳಲು ಆಗುತ್ತಿರಲಿಲ್ಲ.

ಇದೆಲ್ಲ ನಡೆಯುತ್ತಿದ್ದಾಗ ಟೀಚರ್ ತುಂಬಿಕೊಟ್ಟ ಎಸ್‌ಡಿಕ್ಯೂ ಅಂಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಮೊದಲೂ ಕಡಿಮೆ, ಆಮೇಲೂ ಕಡಿಮೆ. ಅಂಕ ಕಡಿಮೆ ಅಂದರೆ ತೊಂದರೆ ಕಡಿಮೆ ಅಂತ ಲೆಕ್ಕ. ಪಕ್ಕದಲ್ಲಿ "ತುಂಬಾ ಶಾಂತ ಹುಡುಗ, ತೊಂದರೆ ಇಲ್ಲ" ಅಂತ ಬರೆದಿದ್ದರು. ನಮ್ಮ ಶಾಲೆಗಳಲ್ಲಿ ಸುಮ್ನೆ ಕೂರುವ ಮಗು ಒಳ್ಳೆಯ ಮಗು. ಅರವತ್ತು ಮಕ್ಕಳ ಕ್ಲಾಸಿನಲ್ಲಿ ಗಲಾಟೆ ಮಾಡುವವನು ಸಮಾಲೋಚಕರ ಹತ್ತಿರ ಬರುತ್ತಾನೆ, ಒಳಗೇ ಮುಚ್ಚಿಕೊಂಡವನು ಪಾಸಾಗಿ ಹೋಗುತ್ತಾನೆ. ನಾನು ಈಗ ಶಿಕ್ಷಕರ ತರಬೇತಿಗೆ ಹೋದಲ್ಲೆಲ್ಲ ಇದೊಂದನ್ನು ಕೈ ಮುಗಿದು ಹೇಳುತ್ತೇನೆ. ಸುಮ್ಮನಿರುವವರನ್ನೂ ನೋಡಿ.

ವರ್ಷದ ಕೊನೆಗೆ ಅಜ್ಜಿಗೆ ಮಂಡಿನೋವು ಜಾಸ್ತಿಯಾಯಿತು. ಪ್ರತಿ ವಾರ ಎರಡು ಬಸ್ ಬದಲಿಸಿ ಬರುವುದು ಆಗುತ್ತಿರಲಿಲ್ಲ. ಆಗ ಆ 93 ಅಧ್ಯಯನಗಳ ಸಾಲು ನೆನಪಾಯಿತು. ಬರ್ನಾರ್ಡ್ ಮತ್ತು ಲೂಯಿಸ್ ಗರ್ನಿ ದಂಪತಿ 1960ರ ದಶಕದಲ್ಲೇ ಅಪ್ಪ ಅಮ್ಮಂದಿರಿಗೆ ಇದನ್ನು ಕಲಿಸಿದ್ದರು. ವಾರಕ್ಕೆ ಅರ್ಧ ಗಂಟೆ, ಅದಕ್ಕೇ ಎತ್ತಿಟ್ಟ ಆಟಿಕೆಗಳು, ಅಷ್ಟು ಹೊತ್ತು ಮಗುವೇ ಯಜಮಾನ. ಅಜ್ಜಿಗೆ ಕಲಿಸೋಣ ಅಂದುಕೊಂಡೆ.

ನನ್ನ ಎಂ.ಎ. ವಿದ್ಯಾರ್ಥಿಗಳಿಗಿಂತ ಬೇಗ ಕಲಿತರು. "ಕೇಳ್ಬಾರ್ದು, ನೋಡ್ಬೇಕು, ಅಷ್ಟೇ ತಾನೇ? ಹೊಲದಲ್ಲಿ ಪೈರು ನೋಡಿಲ್ವಾ ನಾನು" ಅಂದರು. "ಅಂತೆ" ಬಗ್ಗೆ ವಿವರಿಸಲು ಹೊರಟರೆ ನನ್ನನ್ನೇ ತಡೆದರು. "ಅದು ನಂಗೊತ್ತು ಕಣವ್ವಾ." ಒಂದು ಬಟ್ಟೆ ಚೀಲದಲ್ಲಿ ನಾಲ್ಕು ಗೊಂಬೆ, ಬಿಳಿ ವ್ಯಾನ್, ಪುಟ್ಟ ಸ್ಟೀಲ್ ಅಡುಗೆ ಪಾತ್ರೆ, ಹಳದಿ ಬಟ್ಟೆ ಹಾಕಿ ಕೊಟ್ಟೆ. ಪಿಸುದನಿಯ ಪ್ರಶ್ನೆಯನ್ನೂ ಹೇಳಿಕೊಟ್ಟೆ.

ತಿಂಗಳಾದ ಮೇಲೆ ಫೋನ್ ಮಾಡಿದರು. ಹುಡುಗ ಶಾಲೆಯಲ್ಲಿ ಪಕ್ಕದವನ ಹತ್ತಿರ ರಬ್ಬರ್ ಕೇಳಿದನಂತೆ, ಬಾಯಿ ಬಿಟ್ಟು. ಅದನ್ನು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, ಭಾನುವಾರ ಆಟಕ್ಕೆ ಕೂತಾಗ ಅವನು ತಟ್ಟೆ ಲೋಟ ಜೋಡಿಸಿ "ಅಜ್ಜಿ, ನೀನು ಅಪ್ಪ ಅಂತೆ. ಕೆಲಸದಿಂದ ಬಂದ್ರು ಅಂತೆ" ಅಂದನಂತೆ. ಅಜ್ಜಿಯದು ಮಗನನ್ನು ಕಳೆದುಕೊಂಡ ಜೀವ.

"ನಂಗೆ ಕೈಕಾಲೇ ಆಡ್ಲಿಲ್ಲ ಕಣವ್ವಾ. ಆಮೇಲೆ ನೀವೇಳಿದ್ದು ನೆಪ್ಪಾಯ್ತು. ಅವ್ನ ಕಿವಿ ಹತ್ರ ಬಗ್ಗಿ, ಅಪ್ಪ ಈಗ ಏನನ್ಬೇಕು ಮಗಾ ಅಂದೆ."

"ಏನಂದ?"

"ಊಟ ಆಯ್ತಾ ಅಂತ ಕೇಳು ಅಂದ. ಕೇಳ್ದೆ. ಆಯ್ತಪ್ಪಾ ಅಂದ."